ಹಿಮ್ಮಡಿಯೂ ನೆನೆದ ಅಕ್ಕ

ಇವತ್ತು ಬಾದಾಮಿ ಬಸ್‌ಸ್ಟ್ಯಾಂಡಿನಲ್ಲಿ ಮಂಗವೊಂದು ಯಾರದೋ ಸೌತೆಕಾಯಿ ಕಸಿದುಕೊಂಡಿತು. ನನಗೆ ಅಕ್ಕ ನೆನಪಾದಳು.

ಗ್ರೀಕರ ವೀರ ಅಕಿಲೀಸನನ್ನು ಅವನ ತಾಯಿ ಹಿಮ್ಮಡಿ ಹಿಡಿದು ಮಾಯದ ನದಿಯಲ್ಲಿ ಅದ್ದಿದ್ದಳಂತೆ. ಅವನ ಮೈಗೆ ಏನೂ ನಾಟುತ್ತಿರಲಿಲ್ಲ. ಕೊನೆಗೆ ನೆನೆಯದ ಹಿಮ್ಮಡಿಗೇ ಬಾಣ ಬಿದ್ದು ಸತ್ತನಂತೆ.

ಸಾಲೆಯಲ್ಲಿ ಇದನ್ನು ಕೇಳಿದ ಅಕ್ಕ ಸಂಜೆ ಹೊಂಡಕ್ಕಿಳಿದು, "ನೀ ನನ್ನ ಜಡಿ ಹಿಡಕೋ, ಹಿಮ್ಮಡಿನೂ ನೆನೀಲಿ" ಎಂದು ಮುಳುಗಿದಳು. ಹರಳೆಣ್ಣೆ ಹಚ್ಚಿದ ಜಡೆಯನ್ನು ನಾನು ಬಿಗಿಯಾಗಿ ಹಿಡಿದಿದ್ದೆ.

ಒದ್ದೆ ಲಂಗದಲ್ಲೇ ಮಾಳಿಗೆ ಹತ್ತಿ, ಅವ್ವ ಒಣಹಾಕಿದ್ದ ಶೇಂಗಾ ದಿನಾ ಮುಕ್ಕುತ್ತಿದ್ದ ದೊಡ್ಡ ಮಂಗದ ಮುಂದೆ ನಿಂತು, "ಕಡಿ ಲೇ, ನೋಡೂನು!" ಎಂದಳು.

ಅದು ಕಡಿಯಲಿಲ್ಲ. ಜಡೆಗೆ ಜೋತುಬಿತ್ತು. ಅವ್ವ ಕೋಲು ಹಿಡಿದು ಓಡಿಬಂದು ಬಿಡಿಸಬೇಕಾಯಿತು.

ಈಗ ಫೋನಿನಲ್ಲಿ ನೆನಪಿಸಿದರೆ ಅಕ್ಕ ನನಗೇ ಬೈದಳು: "ನಿನಗ ಹಿಡಿಯಾಕ ಬ್ಯಾರೆ ಜಾಗ ಸಿಗಲಿಲ್ಲೇನ?"