ಗೂಡುದೀಪದ ಹೋಟೆಲಿನ ಚೆಕ್ಕರ್ ಮೋಹಿನಕ್ಕ

ಕುವೈತಿನ ಬ್ನೇದ್ ಅಲ್ ಗಾರ್‌ನ ಹಿಂದಿನ ಗಲ್ಲಿಯಲ್ಲಿ ಬೆಳಗಿನ ಬಾಂಗು ಮುಗಿದು, ಬೆಕ್ಕುಗಳು ಕಸದ ಡಬ್ಬಿಯ ಮೇಲೆ ಮೈ ಮುರಿಯುವ ಹೊತ್ತು. ಅಲ್ಲಿನ ಜಪಾನಿ ಹೋಟೆಲಿನ ಮುಂಬಾಗಿಲಲ್ಲಿ ತೂಗುವ ಕೆಂಪು ಕಾಗದದ ಲಾಟೀನು ಹತ್ತಲು ಇನ್ನೂ ಸಂಜೆಯಾಗಬೇಕು. ಜಪಾನಿನಲ್ಲಿ ಇಂಥ ಲಾಟೀನು ಕಂಡರೆ ಒಳಗೆ ಇಝಕಾಯ ಇದೆ, ದಿನದ ಕೆಲಸ ಮುಗಿಸಿದವರು ಕೂತು ಹರಟುತ್ತ ತಿನ್ನುವ ಪುಟ್ಟ ಹೋಟೆಲಿದೆ ಎಂದು ಅರ್ಥವಂತೆ. ಇಲ್ಲಿ ಅಡುಗೆಮನೆಯ ಕೆಲಸ ಮಾಡುವ ಮೋಹಿನಿಯವರ ಕಣ್ಣಿಗೆ ಮಾತ್ರ ಅದು ದೀಪಾವಳಿಯ ಗೂಡುದೀಪ. "ನಮ್ಮಲ್ಲಿ ನಾಲ್ಕು ದಿನ ನೇತು ಹಾಕ್ತೇವೆ, ಇವರು ವರ್ಷ ಇಡೀ ಹಾಕ್ತಾರೆ, ಅಷ್ಟೇ ವ್ಯತ್ಯಾಸ," ಎನ್ನುತ್ತ ಆಕೆ ಹಿಂಬಾಗಿಲಿನಿಂದ ಒಳಗೆ ಹೋಗಿ ಏಪ್ರನ್ ಕಟ್ಟಿಕೊಳ್ಳುತ್ತಾರೆ.

ಸಂಜೆ ಇಲ್ಲಿ ಕೂರಲು ಜಾಗ ಸಿಗುವುದಿಲ್ಲ. ಕುವೈತಿ ಕುಟುಂಬಗಳು, ಅಹ್ಮದಿಯಿಂದ ಕಾರು ಓಡಿಸಿಕೊಂಡು ಬರುವ ಇಂಜಿನಿಯರುಗಳು, ಎಲ್ಲರೂ ಉದ್ದನೆಯ ಕಟ್ಟೆಯ ಮುಂದೆ ಸಾಲಾಗಿ ಕೂತು, ಪುದೀನ ನಿಂಬೆರಸ ಹೀರುತ್ತ, ಕೆಂಡದ ಮೇಲೆ ಕೋಳಿಯ ಕಡ್ಡಿ ತಿರುಗಿಸುವ ಮಾಲೀಕ ಮೊರಿತಾ ಅವರ ಕೈಚಳಕ ನೋಡುತ್ತಾರೆ. ಗಿರಾಕಿಗಳು ಫೋಟೊ ತೆಗೆಯುವುದೂ ಮೊರಿತಾ ಅವರದ್ದೇ. ಆದರೆ ಆ ಬಿದಿರಿನ ಕಡ್ಡಿಗಳಿಗೆ ಮಾಂಸ ಪೋಣಿಸಿದ ಕೈ ಯಾವುದೆಂದು ಯಾರೂ ಕೇಳುವುದಿಲ್ಲ. ಅಷ್ಟು ಹೊತ್ತಿಗೆ ಆ ಕೈ ಅಬ್ಬಾಸಿಯದ ಬಾಡಿಗೆ ಮನೆಯಲ್ಲಿ ರಾತ್ರಿಯ ಗಂಜಿಗೆ ಅಕ್ಕಿ ತೊಳೆಯುತ್ತಿರುತ್ತದೆ.

ಇವತ್ತು ಭಾನುವಾರ. ಸೋಮವಾರ ಮೋಹಿನಿಯವರಿಗೆ ರಜೆಯಾದ್ದರಿಂದ ಎರಡು ದಿನದ ಕಡ್ಡಿಗಳು ಇವತ್ತೇ ಆಗಬೇಕು. ಕೈ ಓಡುತ್ತಿದೆ, ಮನಸ್ಸು ಮಾತ್ರ ನಿಂತಲ್ಲಿ ನಿಲ್ಲುತ್ತಿಲ್ಲ. ಊರಿನಿಂದ ತಿಂಗಳ ಮಟ್ಟಿಗೆ ಬಂದಿರುವ ಮಗಳು ದೀಕ್ಷಿತಾ ಮಂಗಳವಾರ ವಾಪಸು ಹೊರಡುತ್ತಾಳೆ. ಹೊರಡುವ ಮೊದಲು ನಾಳೆ ಸಂಜೆ ಅಮ್ಮನ ಜೊತೆ ಇದೇ ಕಟ್ಟೆಯ ಮುಂದೆ ಕೂತು ಉಣ್ಣಬೇಕೆಂದು ಅವಳ ಹಟ. ತೊಂದರೆ ಇರುವುದು ಒಂದರಲ್ಲೇ. ಅಮ್ಮ ಇಲ್ಲಿ ಶೆಫ್ ಎಂದು ಅವಳು ಕಿನ್ನಿಗೋಳಿಯ ಕಾಲೇಜಿಗೆಲ್ಲ ಸಾರಿಬಿಟ್ಟಿದ್ದಾಳೆ.

"ತಪ್ಪು ಅವಳದ್ದಲ್ಲ," ಎಂದು ಮೋಹಿನಿ ನಗುತ್ತಾರೆ. "ಒಂದು ದಿನ ತಮಾಷೆಗೆ ಮೊರಿತಾ ಸಾರ್‌ದು ನೀಲಿ ಕೋಟು ಹಾಕಿ, ತಲೆಗೆ ಬಟ್ಟೆ ಕಟ್ಟಿ ಫೋಟೊ ಕಳಿಸಿದ್ದೆ. ಇವಳು ಅದನ್ನು ಸ್ಟೇಟಸ್ ಇಟ್ಳು. ಊರಿಡೀ ಶಾಭಾಸ್ ಅಂತು. ನಾನು ಅಲ್ಲ ಅಂತ ಹೇಳ್ಬೇಕಿತ್ತು. ಕೇಳ್ಲಿಕ್ಕೆ ಚಂದ ಇತ್ತಲ್ಲ, ಸುಮ್ಮನಾದೆ." ನಗು ಅಲ್ಲಿಗೇ ನಿಲ್ಲುತ್ತದೆ. "ನಾಳೆ ಅವಳು ಬಂದು ನೋಡಿದ್ರೆ ಒಲೆಯ ಮುಂದೆ ಬೇರೆಯವರು. ನನ್ನ ಅಮ್ಮ ಕೋಳಿ ಚುಚ್ಚುವವಳು ಅಂತ ಗೊತ್ತಾಗ್ತದೆ."

ಚುಚ್ಚುವುದೆಂದರೆ ಸುಮ್ಮನೆ ಅಲ್ಲ. ತೊಡೆಯ ಮಾಂಸದ ಎಳೆ ನೋಡಿ ಕತ್ತರಿಸಬೇಕು, ಎಳೆಗೆ ಅಡ್ಡಲಾಗಿ ಕಡ್ಡಿ ತೂರಿಸಬೇಕು, ಇಲ್ಲದಿದ್ದರೆ ತಿರುಗಿಸುವಾಗ ತುಂಡು ಕಳಚಿ ಕೆಂಡಕ್ಕೆ ಬೀಳುತ್ತದೆ. ಹಿಡಿಯುವ ಕಡೆ ಸಣ್ಣ ತುಂಡು, ತುದಿಗೆ ಬರಬರುತ್ತ ದೊಡ್ಡದು. ಈ ಲೆಕ್ಕಾಚಾರ ಮೋಹಿನಿಯವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಪ್ರಾಯ ಬರುವ ಮೊದಲೇ ಮಡಿಲಲ್ಲಿ ತಡ್ಪೆಯೆಂಬ ಮೊರ ಇಟ್ಟುಕೊಂಡು, ಎಲೆಗೆ ಹೊಗೆಸೊಪ್ಪು ತುಂಬಿ ಬೀಡಿ ಸುತ್ತಿದ ಕೈ ಅದು. "ಬೀಡಿಯೂ ಹೀಗೇ ಅಲ್ವಾ? ಬಾಯಿಯ ಹತ್ರ ಸಪೂರ, ಬೆಂಕಿಯ ಹತ್ರ ದಪ್ಪ," ಎನ್ನುತ್ತಾರೆ.

ಕುವೈತಿಗೆ ಆಕೆ ಬಂದದ್ದು ಮನೆಗೆಲಸಕ್ಕೆ. ಗಂಡ ರೋಹಿದಾಸ ಆಗಲೇ ಅರ್ದಿಯಾದ ಗೋದಾಮಿನಲ್ಲಿ ಗಾಡಿ ಓಡಿಸುತ್ತಿದ್ದರು. ಮೊದಲ ಮನೆಯವರು ದೇಶ ಬಿಟ್ಟಾಗ ಇಕಾಮಾ, ಅಂದರೆ ಇಲ್ಲಿ ಇರುವ ಪರವಾನಗಿ, ಏನಾಗುತ್ತದೋ ಎಂದು ನಿದ್ದೆಗೆಟ್ಟು ಅಲೆದದ್ದಿದೆ. ಆಮೇಲೆ ಈ ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಕೆಲಸ ಸಿಕ್ಕಿತು. ಒಂದು ಬೆಳಿಗ್ಗೆ ಕಡ್ಡಿ ಪೋಣಿಸುವವನು ಕೈಕೊಟ್ಟಾಗ ಮೊರಿತಾ ಸೋಪಿನ ಕೈಯ ಮೋಹಿನಿಯವರನ್ನೇ ಮಾಂಸ ಕತ್ತರಿಸುವ ಹಲಗೆಯ ಮುಂದೆ ನಿಲ್ಲಿಸಿದರು.

ಮೊದಲ ದಿನವೇ ಎಡವಟ್ಟು. ಕಡ್ಡಿಗಳೇನೋ ಅಚ್ಚುಕಟ್ಟಾಗಿದ್ದವು, ಆದರೆ ಮೋಹಿನಿ ಅವನ್ನೆಲ್ಲ ಬೀಡಿಯ ಹಾಗೆ ಇಪ್ಪತ್ತೈದರ ಕಟ್ಟು ಮಾಡಿ, ದಾರ ಬಿಗಿದು, ಫ್ರಿಜ್ಜಿನಲ್ಲಿ ಸಾಲಾಗಿ ನಿಲ್ಲಿಸಿದ್ದರು! ಸಂಜೆ ಬಾಗಿಲು ತೆಗೆದ ಮೊರಿತಾ ಕಂಡದ್ದು ಕಡ್ಡಿಗಳಲ್ಲ, ಕೋಳಿಮಾಂಸದ ಮುದ್ದೆಗಳು. ಕಟ್ಟೆಯಲ್ಲಿ ಬಡಿಸುವ ಉಳ್ಳಾಲದ ಮುತ್ತಲಿಬ್ ಆ ಕತೆಯನ್ನು ಇವತ್ತಿಗೂ ಬಿಟ್ಟಿಲ್ಲ. "ಸಾರ್ ಬೈತಾರೆ ಅಂತ ನಾನು ಹೆದರಿದ್ರೆ, ಅವರು ನೆಲದಲ್ಲಿ ಕೂತು ನಗಾಡಿದ್ದು ಮಾರ್ರೆ! ಮರುದಿನ ಹೇಳಿದ್ರು, ಪಾತ್ರೆಗೆ ಬೇರೆ ಜನ ನೋಡುವ, ಈ ಕೈ ಇನ್ನು ಸೋಪು ಮುಟ್ಟುದು ಬೇಡ ಅಂತ."

ಊರಿನಲ್ಲಿ ಹೆಂಗಸರು ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ಚೆಕ್ಕರ್ ಎಂಬವನಿದ್ದ. ಸೊಟ್ಟ ಬೀಡಿ ಕಂಡರೆ ಕಣ್ಣೆದುರೇ ಮುರಿದು ಬಿಸಾಡುತ್ತಿದ್ದ, ಹೆಂಗಸರು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಈಗ ಮೋಹಿನಿಯೇ ತನಗೆ ಚೆಕ್ಕರ್. ಪ್ರತಿ ಕಡ್ಡಿಯನ್ನೂ ದೀಪಕ್ಕೆ ಹಿಡಿದು ನೋಡಿ, ಸೊಟ್ಟಗಿದ್ದರೆ "ರಿಜೆಕ್ಟ್" ಎಂದು ಪಕ್ಕದ ತಟ್ಟೆಗೆ ಹಾಕುತ್ತಾರೆ. ಅವೆಲ್ಲ ಮಧ್ಯಾಹ್ನ ಕೆಲಸದವರ ಊಟಕ್ಕೆ ಕೋಳಿ ಸುಕ್ಕ ಆಗುತ್ತವೆ. ಕೆಂಡ ಹೊತ್ತುವುದು ಸಂಜೆ, ಆಕೆ ಮನೆಗೆ ಹೋದ ಮೇಲೆ. ಕೆಂಡದಿಂದ ಇಳಿದದ್ದು ಅಲ್ಲೇ ಬಾಯಿಗೆ ಹೋಗಬೇಕು, ಕಟ್ಟಿಸಿಕೊಂಡು ಹೋಗುವಂತಿಲ್ಲ ಎಂಬುದು ಮೊರಿತಾ ಅವರ ಕಟ್ಟಪ್ಪಣೆ. ರಜೆಯ ದಿನ ಬಂದು ತಿನ್ನೋಣವೆಂದರೆ ಸೋಮವಾರ ಮೀನು ಮಾಂಸ ಮುಟ್ಟದ ಹರಕೆ. ಆ ಕಾರಣಕ್ಕೇ ಆಕೆ ಸೋಮವಾರದ ರಜೆ ಕೇಳಿ ಪಡೆದದ್ದು. ಹೀಗಾಗಿ ಊರಿಗೆ ಊರೇ ಚಪ್ಪರಿಸುವ ತನ್ನ ಕಡ್ಡಿಯನ್ನು ಮೋಹಿನಿ ಈವರೆಗೆ ಸುಟ್ಟ ರೂಪದಲ್ಲಿ ತಿಂದದ್ದೇ ಇಲ್ಲ.

ಸೋಮವಾರ ಬೆಳಿಗ್ಗೆ ದೀಕ್ಷಿತಾ ಅಪ್ಪನ ಗಾಡಿಯಲ್ಲಿ ಸುತ್ತಲು ಹೋಗುತ್ತಾಳೆ. ಮನೆಯಲ್ಲಿ ಒಬ್ಬರೇ ಉಳಿದ ಮೋಹಿನಿ ಮಗಳಿಗೆ ಹೇಳಬೇಕಾದ ಮಾತನ್ನು ಕನ್ನಡಿಯ ಮುಂದೆ ಹೇಳಿಕೊಂಡು ನೋಡುತ್ತಾರೆ. ಸಂಜೆ ಗೂಡುದೀಪದ ಕೆಳಗೆ ಬಂದು ನಿಂತಾಗಲೂ ಆ ಮಾತು ಮಗಳಿಗೆ ಹೇಳಿಯಾಗಿಲ್ಲ. ಮೊದಲ ಸಲ ಮುಂಬಾಗಿಲಿನಿಂದ ಒಳಗೆ ಹೋಗುವಾಗ ಪಾದ ಎಲ್ಲಿಡಬೇಕೆಂದೂ ತಿಳಿಯುವುದಿಲ್ಲ. ಮುತ್ತಲಿಬ್ ಬೇಕೆಂದೇ ಬಗ್ಗಿ, "ಬನ್ನಿ ಮೇಡಂ," ಎಂದು ಕುರ್ಚಿ ಎಳೆಯುತ್ತಾರೆ.

ಮಗಳ ಮುಂದೆ ಕೋಳಿಯ ಕಡ್ಡಿಗಳು ಬರುತ್ತವೆ, ಭಾನುವಾರ ಮೋಹಿನಿ ಪೋಣಿಸಿದವು. ತುದಿಯ ದೊಡ್ಡ ತುಂಡು ಕಚ್ಚಿದ ದೀಕ್ಷಿತಾ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಆಗ ಮೊರಿತಾ ಕೆಳಗಿನಿಂದ ಒಂದು ಪುಟ್ಟ ಮಣ್ಣಿನ ಒಲೆ ಎತ್ತಿ ಕಟ್ಟೆಯ ಮೇಲಿಡುತ್ತಾರೆ. ಹೊಸ ಜಾಲರಿ, ಹೊಸ ಕೆಂಡ. "ಮಂಡೇ. ನೋ ಚಿಕನ್. ಓನ್ಲಿ ಸಾಲ್ಟ್," ಎಂದು ಗಂಭೀರವಾಗಿ ಹೇಳಿ ಅಣಬೆ, ಬೆಂಡೆಕಾಯಿ, ಹಸಿಮೆಣಸಿನ ಕಡ್ಡಿಗಳನ್ನು ಸುಟ್ಟು ಮೋಹಿನಿಯವರ ಮುಂದಿಡುತ್ತಾರೆ.

ಆ ಕಡ್ಡಿಗಳೋ, ದೇವರಿಗೇ ಪ್ರೀತಿ. ಹಿಡಿಯುವ ಕಡೆ ಡೊಳ್ಳು ಅಣಬೆ, ತುದಿಗೆ ಚೂರು ಬೆಂಡೆ, ನಡುವೆ ಒಂದು ಮೆಣಸು ಅಡ್ಡ ಮಲಗಿದೆ. ಒಳಗಿನ ಚೆಕ್ಕರ್ ಸುಮ್ಮನಿರಬೇಕಲ್ಲ!

"ಯಾರು ಮಾರಾಯ್ರೆ ಇದನ್ನು ಕಟ್ಟಿದ್ದು? ಬ್ರಾಂಚಿನಲ್ಲಾದ್ರೆ ಒಂದೂ ಪಾಸ್ ಆಗ್ಲಿಕ್ಕಿಲ್ಲ."

ಮುತ್ತಲಿಬ್ ಸೂರು ನೋಡುತ್ತಾರೆ. ದೀಕ್ಷಿತಾ ಇಷ್ಟು ಹೊತ್ತು ಶಾಲಿನಡಿ ಮರೆಸಿದ್ದ ಎಡಗೈಯನ್ನು ಮೆಲ್ಲಗೆ ಕಟ್ಟೆಯ ಮೇಲಿಡುತ್ತಾಳೆ. ಮೂರು ಬೆರಳಿಗೆ ಬ್ಯಾಂಡೇಜು.

"ಬೆಳಿಗ್ಗೆ ಅಪ್ಪ ನನ್ನನ್ನು ಇಲ್ಲಿಗೇ ತಂದು ಬಿಟ್ಟದ್ದು. ಮುತ್ತಲಿಬ್ ಅಣ್ಣ ನಿನ್ನ ಹಲಗೆ ತೋರಿಸಿದ್ರು. ನೀನು ನಿಲ್ಲುವ ಜಾಗದಲ್ಲೇ ನಿಂತು, ಕೋಳಿ ತಾಗದ ಬೇರೆ ಹಲಗೆ ಇಟ್ಟು ಮಾಡಿದೆ ಅಮ್ಮ. ಇಷ್ಟು ಮಾಡ್ಲಿಕ್ಕೆ ಬೆಳಿಗ್ಗೆ ಇಡೀ ಹೋಯ್ತು."

ಮೋಹಿನಿ ಕನ್ನಡಿಯ ಮುಂದೆ ಕಲಿತದ್ದನ್ನೆಲ್ಲ ಮರೆತು, "ನಾನು ಶೆಫ್ ಅಲ್ಲ ಮಗ," ಎಂದಷ್ಟೇ ಹೇಳುತ್ತಾರೆ.

"ಗೊತ್ತಾಯ್ತು. ಸ್ಟೇಟಸ್ ಬದಲು ಮಾಡಿದ್ದೇನೆ, ನೋಡು." ಮೊಬೈಲಿನಲ್ಲಿ ಬಿದಿರಿನ ಕಡ್ಡಿಗಳ ನಡುವೆ ಅಮ್ಮನ ಖಾಲಿ ಹಲಗೆಯ ಫೋಟೊ. ಕೆಳಗೆ ಒಂದೇ ಸಾಲು: ನನ್ನಮ್ಮ ಇಲ್ಲಿ ಚೆಕ್ಕರ್. ಬೀಡಿ ಕಟ್ಟುವ ಕಿನ್ನಿಗೋಳಿಯಲ್ಲಿ ಆ ಮಾತಿನ ತೂಕ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮೋಹಿನಿ ಸೆರಗಿನಿಂದ ಕಣ್ಣೊರೆಸಿಕೊಂಡು, ಹಸಿಮೆಣಸು ಖಾರ ಎನ್ನುತ್ತಾರೆ. ಅವರು ಇನ್ನೂ ಮೆಣಸು ಮುಟ್ಟಿರಲಿಲ್ಲ.

ಇನ್ನೇನು ಆಸೆ ಇದೆ ಎಂದರೆ ತುಂಬ ಯೋಚಿಸುವುದಿಲ್ಲ. "ಒಂದು ಮಂಗಳವಾರ ರಜೆ ಬೇಕು. ನಾನು ಕಟ್ಟಿದ ಕೋಳಿ ಹೇಗುಂಟು ಅಂತ ನಾನೂ ತಿಂದು ನೋಡ್ಬೇಕಲ್ಲ?"

ಮಾತು ಮುತ್ತಲಿಬ್ ಮೂಲಕ ಮೊರಿತಾ ಅವರಿಗೆ ತಲುಪುತ್ತದೆ. ಇಕ್ಕಳ ಹಿಡಿದ ಕೈಯನ್ನೇ ಮೇಲೆತ್ತಿ ಅವರು ಆಗಬಹುದು ಎನ್ನುತ್ತಾರೆ. ಅಷ್ಟರಲ್ಲಿ ತಟ್ಟೆಯಲ್ಲಿ ಒಂದೇ ಕಡ್ಡಿ ಉಳಿದಿದೆ, ಎಲ್ಲಕ್ಕಿಂತ ಸೊಟ್ಟದ್ದು. "ರಿಜೆಕ್ಟ್ ಅಲ್ವಾ ಮೋಹಿನಕ್ಕ?" ಎಂದು ಮುತ್ತಲಿಬ್ ತಟ್ಟೆಗೆ ಕೈ ಹಾಕುತ್ತಾರೆ.

ಮೋಹಿನಿ ತಟ್ಟೆಯನ್ನು ತನ್ನ ಕಡೆ ಎಳೆದುಕೊಳ್ಳುತ್ತಾರೆ. ಅಭ್ಯಾಸದಂತೆ ಕಡ್ಡಿಯನ್ನು ದೀಪಕ್ಕೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡುತ್ತಾರೆ.

"ಪಾಸ್," ಎನ್ನುತ್ತಾರೆ.