ಸ್ಟಾರ್ಟ್ ಅಂತ ಬರೀರಿ

ಐವತ್ತರ ದಶಕದಲ್ಲಿ ನಾನು ಹುಣಸೂರಿನಲ್ಲಿ ತಂತಿ ಗುಮಾಸ್ತ. ಒಬ್ಬ ರೈತ ಬಂದು, "ನಮ್ಮವ್ವ ಬೆಳಿಗ್ಗೆ ತೀರೋದ್ಲು. ಮಡಿಕೇರೀಲಿರೋ ತಮ್ಮಂಗೆ ಅವ್ವ ಸೀರಿಯಸ್, ಸ್ಟಾರ್ಟ್ ಅಂತ ಬರೀರಿ" ಅಂದ.

"ತೀರಿಕೊಂಡ ಮೇಲೆ ಬರೇ ಹೊರಡು ಅಂದರೆ ಹೇಗಪ್ಪ? ನಿಜಾನೇ ಬರೀತೀನಿ" ಅಂದೆ.

"ಬ್ಯಾಡಿ ಸ್ವಾಮಿ. ಸ್ಟಾರ್ಟ್ ಅಂದ್ರೆ ಏನೂಂತ ಅವನಿಗೂ ಗೊತ್ತು. ಆದ್ರೂ ಬಸ್ಸಿಳಿಯೋಗಂಟ ಅವ್ವ ಬದುಕಿರ್ಲಿ."

ಆಮೇಲೆ ಅಂಥ ತಂತಿ ಎಷ್ಟು ಕಳಿಸಿದೆನೋ. ಸ್ಟಾರ್ಟ್ ಅಂದರೆ ಹೆಣ ಕಾಯುತ್ತಿದೆ ಎಂದೇ ನಮ್ಮ ಕಡೆ ಅರ್ಥ.

ಒಂದು ದಿನ ನಮ್ಮೂರು ಸಾಲಿಗ್ರಾಮದಿಂದ ನನ್ನ ಹೆಸರಿಗೇ ತಂತಿ ಬಂತು. ತಂತಿ ಯಂತ್ರದ ಕಟಕಟ ಕೇಳಿ ನಾನೇ ಬರೆದುಕೊಂಡೆ: ತಾಯಿ ಸೀರಿಯಸ್, ಸ್ಟಾರ್ಟ್.

ಇಷ್ಟೆಲ್ಲ ತಿಳಿದವನು ಕೆ.ಆರ್. ನಗರದಲ್ಲಿ ಬಸ್ಸು ಬದಲಿಸುವಾಗ ಅವ್ವನಿಗೆಂದು ಆರು ಕಿತ್ತಳೆ ಕೊಂಡೆ. ಹುಳಿಯಿದ್ದರೆ ಅವಳಿಗೆ ಆಗದು ಅಂತ ಒಂದನ್ನು ಸುಲಿದು ತಿಂದೂ ನೋಡಿದೆ.