ಬಿಳಿ ಹೂವಿನ ಅನ್ನ

ಕರ್ಜಗಿಯಿಂದ ಎರಡು ಮೈಲಿ ಒಳಗಿದ್ದ ಆ ಸಣ್ಣ ಹಳ್ಳಿಯ ಬಾಲವಾಡಿಗೆ ಸಕೀನಾಬಿ ಶಿಕ್ಷಕಿಯಾಗಿ ಬಂದಾಗ ಅಲ್ಲಿದ್ದದ್ದು ಒಂದು ಕರಿಹಲಗೆ, ಕಾಲು ಮುರಿದ ಒಂದು ಮರದ ಕುದುರೆ, ಇಪ್ಪತ್ತೆರಡು ಮಕ್ಕಳು. ಆಟಿಕೆ ಕೊಡಿಸಿರೆಂದು ಆಕೆ ಯಾರನ್ನೂ ಕೇಳಲಿಲ್ಲ. ತವರೂರು ಐರಣಿಗೆ ಹೋದಾಗ ಹೊಳೆಯ ನುಣುಪು ಕಲ್ಲು ಆರಿಸಿ ತಂದಳು. ಹುಣಸೆ ಬೀಜ ತೊಳೆದು ಒಣಗಿಸಿದಳು. ಜೋಳದ ದಂಟಿನ ಬೆಂಡಿನಿಂದ ಪುಟ್ಟ ಚಕ್ಕಡಿ ಮಾಡಿದಳು. ತೆಂಗಿನ ಚಿಪ್ಪು ಉಜ್ಜಿ ಅಡುಗೆ ಆಟದ ಪಾತ್ರೆ ಮಾಡಿದಳು. ಎಲ್ಲವೂ ಒಂದು ಬಿದಿರಿನ ಬುಟ್ಟಿಯಲ್ಲಿರುತ್ತಿದ್ದವು. ಮಧ್ಯಾಹ್ನ ಮನೆಗೆ ಹೋಗಲೊಲ್ಲೆವೆಂದು ಮಕ್ಕಳು ಹಟ ಮಾಡುತ್ತಿದ್ದರೆ ಆಕೆಗೆ ಒಳಗೊಳಗೇ ಹೆಮ್ಮೆ.

೧೯೮೭ರ ಮಳೆಗಾಲ ಮುಗಿಯುವ ಹೊತ್ತಿಗೆ ಪ್ರೇಮವ್ವನ ಮಗಳು, ನಾಲ್ಕು ವರ್ಷದ ನೀಲಗಂಗಾ, ಮೈ ಕೆರೆದುಕೊಳ್ಳತೊಡಗಿದಳು. ಮೊದಲು ಬೆರಳ ಸಂದಿ, ಆಮೇಲೆ ಕತ್ತು. ಒಂದು ಬೆಳಿಗ್ಗೆ ರೆಪ್ಪೆಗಳು ಊದಿ ಕಣ್ಣುಗಳೇ ಮುಚ್ಚಿಹೋಗಿದ್ದವು. ಅವಳ ಅಜ್ಜ ತಿರಕಪ್ಪ ಬಾಲವಾಡಿಯ ಬಾಗಿಲಿಗೇ ಬಂದ.

"ಅಕ್ಕೋರ, ಆ ಬೀಜ, ಕಲ್ಲು, ಚಿಪ್ಪು ಎಲ್ಲಾ ತಿಪ್ಪಿಗೆ ಒಗೀರಿ. ಹಾವೇರಿ ಪ್ಯಾಟ್ಯಾಗ ಪ್ಲಾಸ್ಟಿಕ್ ಗೊಂಬಿ ಸಿಗತಾವು."

ಸಕೀನಾಬಿ ಬುಟ್ಟಿಯನ್ನು ಅಟ್ಟಕ್ಕೇರಿಸಿದಳು. ಹತ್ತು ದಿನ ಕಳೆದರೂ ನೀಲಗಂಗಾಳ ತುರಿಕೆ ಕಡಿಮೆಯಾಗಲಿಲ್ಲ. ಬದಲಿಗೆ ಕೆಮ್ಮು ಶುರುವಾಗಿ ಎದೆ ಗೊರಗೊರ ಎನ್ನತೊಡಗಿತು. ಆಗ ಸಕೀನಾಬಿಯೇ ಪ್ರೇಮವ್ವನನ್ನು ಹೊರಡಿಸಿ, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಹಾವೇರಿಯ ಬಸ್ಸು ಹತ್ತಿದಳು.

ಡಾಕ್ಟರು ಮಗುವಿನ ಎದೆ ಪರೀಕ್ಷಿಸಿ, ಇಂಜೆಕ್ಷನ್ ಕೊಟ್ಟು ಕೇಳಿದರು. "ಆಡೋವಾಗ ಏನೇನು ಮುಟ್ಟತಾಳ್ರಿ?"

ಸಕೀನಾಬಿ ಬುಟ್ಟಿಯಲ್ಲಿದ್ದದ್ದನ್ನೆಲ್ಲ ಒಂದೊಂದಾಗಿ ಹೇಳಿದಳು. ಈಗ ಅದನ್ನು ಎತ್ತಿಟ್ಟಿದ್ದೇನೆ ಎಂದೂ ಹೇಳಿದಳು.

"ಈಗ ಯಾವ ಆಟ ಆಡತೀಯವಾ?" ಎಂದು ಅವರು ಮಗುವನ್ನೇ ಕೇಳಿದರು.

"ಅಡಗಿ ಆಟ. ಬಿಳೀ ಹೂವಿನ ಅನ್ನ ಮಾಡತೀವಿ."

ಪ್ರೇಮವ್ವನಿಗೆ ಅದು ಅರ್ಥವಾಗಲಿಲ್ಲ. ಸಕೀನಾಬಿಗೆ ಕೂಡಲೇ ಹೊಳೆಯಿತು. ಗೊತ್ತಿಲ್ಲ ಎಂದಿದ್ದರೆ ಯಾರೂ ಕೆದಕುತ್ತಿರಲಿಲ್ಲ.

"ಕಾಂಗ್ರೆಸ್ ಕಸದ ಹೂವು ಸಾಹೇಬ್ರ," ಎಂದಳು. "ಬಾಲವಾಡಿ ಬೇಲಿ ತುಂಬ ಬೆಳದೈತಿ. ಅನ್ನದ ಅಗಳಿನಂಗ ಕಾಣತಾವು ಅಂತ ನಾನ ಕಿತ್ತು ತೋರಿಸೀನಿ ಮಕ್ಕಳಿಗೆ."

"ಆ ಪಾರ್ಥೇನಿಯಂನಿಂದನ ಅಂತ ಅನಸತೈತಿ," ಎಂದರು ಡಾಕ್ಟರು. "ಎಲ್ಲಾ ಮಕ್ಕಳಿಗೂ ತ್ರಾಸ ಆಗಂಗಿಲ್ಲ, ಈಕಿಗೆ ಆಗೇತಿ. ಗಿಡದ್ದು ಅಂದಕೂಡಲೆ ಎಲ್ಲಾ ಒಳ್ಳೇದೂ ಅಲ್ಲ, ಎಲ್ಲಾ ಕೆಟ್ಟದ್ದೂ ಅಲ್ಲ. ಉಸಿರು ಹಿಡಿದ್ರ ಮಾತ್ರ ತಡಾ ಮಾಡಬ್ಯಾಡ್ರಿ, ಲಗೂ ಕರಕೊಂಡು ಬರ್ರಿ."

ವಾಪಸು ಬಸ್ಸಿನಲ್ಲಿ ಪ್ರೇಮವ್ವ ಕಿಟಕಿಯ ಕಡೆ ಮುಖ ಮಾಡಿ ಕುಳಿತಳು. ಇಳಿಯುವಾಗ ಒಂದೇ ಮಾತಾಡಿದಳು: "ನನ್ನ ಮಗಳ ಕಣ್ಣ ಮುಚ್ಚಿ ಹೋಗಿದ್ವು, ಅಕ್ಕೋರ."

ಮರುದಿನ ನೀಲಗಂಗಾ ಬಾಲವಾಡಿಗೆ ಬರಲಿಲ್ಲ. ಸಕೀನಾಬಿ ಉಳಿದ ತಾಯಂದಿರನ್ನೂ ಕರೆದು ತನ್ನ ತಪ್ಪು ಹೇಳಿಕೊಂಡಳು. ಮಕ್ಕಳು ಹೋದ ಮೇಲೆ ಒಬ್ಬಳೇ ಬೇಲಿಯ ಕಸ ಕೀಳಲು ನಿಂತಳು. ಮೂರನೆಯ ದಿನ ಪ್ರೇಮವ್ವ ಕುಡುಗೋಲು ಹಿಡಿದು ಬಂದು ನಿಂತಳು.

"ಬರಿಗೈಲೆ ಯಾಕ ಕೀಳಾಕತ್ತೀರಿ? ನಿಮ್ಮದೇನು ಕಬ್ಬಿಣದ ಮೈಯೇನು?" ಎಂದ ಪ್ರೇಮವ್ವ ಹಳೆಯ ಸೀರೆ ಹರಿದು ಆಕೆಯ ಕೈಗೆ ಸುತ್ತಿದಳು. "ನಾನೂ ಹೊಲದಾಗ ಆ ಕಸದ ಬಾಜೂಕ ಮಗಳನ್ನ ಮಲಗಸತಿದ್ನಿ. ನನಗಾದ್ರೂ ಎಲ್ಲಿ ಗೊತ್ತಿತ್ತು?"

ಬಟ್ಟೆ ಸುತ್ತುವ ಹೊತ್ತಿಗಾಗಲೇ ಸಕೀನಾಬಿಯ ಮುಂಗೈ ಕೆಂಪಾಗಿತ್ತು. ಅಂದಿನಿಂದ ಪ್ರತಿ ವರ್ಷ ಮಳೆ ನಿಂತ ಮೇಲೆ ಆಕೆಯ ಕೈ ಬಿರಿದು ಸೋರುತ್ತಿತ್ತು. ಮುಲಾಮು ಹಚ್ಚಿಕೊಂಡೇ ಪಾಠ ಮಾಡುತ್ತಿದ್ದಳು. ಬೇಲಿ ಹಸನಾದ ಮೇಲೆ ನೀಲಗಂಗಾ ಮತ್ತೆ ಬರತೊಡಗಿದಳು. ಡಾಕ್ಟರನ್ನು ಕೇಳಿ ಬುಟ್ಟಿಯನ್ನೂ ಕೆಳಗಿಳಿಸಿದರು. ದಾರಿಬದಿಯ ಕಸದಿಂದ ಅವಳಿಗೆ ಆಗಾಗ ಕೆಮ್ಮು ಬರುತ್ತಿತ್ತಾದರೂ ಕಣ್ಣು ಮತ್ತೆ ಹಾಗೆ ಮುಚ್ಚಲಿಲ್ಲ. ತಿರಕಪ್ಪ ಮಾತ್ರ ಹುಣಸೆ ಬೀಜವನ್ನು ಕೊನೆಯವರೆಗೂ ನಂಬಲಿಲ್ಲ.

ಆಮೇಲೆ ಹೊಸ ಮಗು ಸೇರಿದಾಗಲೆಲ್ಲ ಹೆಸರು ಬರೆದುಕೊಳ್ಳುವ ಮೊದಲೇ ಸಕೀನಾಬಿ ತಾಯಿಯನ್ನು ಕೇಳುತ್ತಿದ್ದಳು: "ಏನು ಮುಟ್ಟಿದ್ರ, ಏನು ತಿಂದ್ರ ಇದಕ್ಕ ತ್ರಾಸ ಆಗತೈತಿ?" ಹಾಗೆ ಸೇರಿದ ಮುಮ್ತಾಜಬಿಯ ಮಗಳಿಗೆ ಜೋಳದ ಬೆಂಡಿನ ಧೂಳು ಆಗಿಬರುತ್ತಿರಲಿಲ್ಲ. ಆ ವರ್ಷ ಚಕ್ಕಡಿಗಳನ್ನೆಲ್ಲ ಸಕೀನಾಬಿ ತೆಂಗಿನ ಚಿಪ್ಪಿನಲ್ಲೇ ಮಾಡಿದಳು.